ವಜ್ರದ ಓಲೆ ಬೇಡ ಎಂದವರು



ಈ ಸಲದ ವಿಜ್ಞಾನಿಗಳ ಪರಿಚಯದಲ್ಲಿ ಅನ್ನಾ ಮಣಿ ಅವರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಓದಿ ಯಾರೂ ನಗಬೇಡಿ. ಅದು ನಾವು ತಿನ್ನೋ ಅನ್ನವೂ ಅಲ್ಲ, ಅಣ್ಣ ತಮ್ಮ ಅನ್ನೋ ಅಣ್ಣನೂ ಅಲ್ಲ. ಕೇರಳದ ಕ್ರೈಸ್ತ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರು ಅದು. ಕೇರಳದವರ ಕಥೆ ನಮ್ಮ ಗೋಡೆಪತ್ರಿಕೆಗೆ ಯಾಕೆ ಅಂತ ಕೆಲವರು ಕೇಳಬಹುದು. ಅವರು ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯಾಗಿ ಐದು ವರ್ಷ ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ನಮ್ಮ ಕಡೆಯ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತಾರಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರ ಕೈಕೆಳಗೆ. ರಾಮನ್ ಬಗ್ಗೆ ಪ್ರತಿ ಫೆಬ್ರವರಿ 28ಕ್ಕೆ ಭಾಷಣ ಕೇಳಿದ್ದೇವೆ. ಅವರ ಪ್ರಯೋಗಶಾಲೆಯಲ್ಲಿ ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದವರ ಬಗ್ಗೆ ಕೇಳಿಲ್ಲ.

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರ್ಮೇಡು ಎಂಬ ಬೆಟ್ಟದೂರಿನಲ್ಲಿ. ತಂದೆ ಸಿವಿಲ್ ಇಂಜಿನಿಯರ್. ದೊಡ್ಡ ಏಲಕ್ಕಿ ತೋಟಗಳಿದ್ದವು. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಅನುಕೂಲಸ್ಥರ ಮನೆ, ಓದಿನ ವಾತಾವರಣ ಎಲ್ಲಾ ಇತ್ತು. ಆದರೂ ಆ ಕಾಲದ ಪದ್ಧತಿಯಂತೆ ಗಂಡುಮಕ್ಕಳನ್ನು ದೊಡ್ಡ ಕೆಲಸಕ್ಕೆ ಅಂತಲೂ ಹೆಣ್ಣುಮಕ್ಕಳನ್ನು ಮದುವೆಗೆ ಅಂತಲೂ ಬೆಳೆಸುತ್ತಿದ್ದರು. (ನಮ್ಮೂರಲ್ಲಿ ಈಗಲೂ ಕೆಲವು ಮನೆಗಳಲ್ಲಿ ಹಾಗೇ ಇದೆ, ಹೆಸರು ಬರೆಯೋದಿಲ್ಲ.)

ಇವರಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು, ಪುಸ್ತಕ. ಎಂಟು ವರ್ಷ ತುಂಬುವಷ್ಟರಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಮಲಯಾಳಂ ಪುಸ್ತಕಗಳನ್ನು ಹೆಚ್ಚುಕಡಿಮೆ ಎಲ್ಲಾ ಓದಿ ಮುಗಿಸಿದ್ದರಂತೆ. ಹನ್ನೆರಡಕ್ಕೆ ಇಂಗ್ಲಿಷ್ ಪುಸ್ತಕಗಳೂ ಮುಗಿದವು. ಅವರ ಮನೆತನದಲ್ಲಿ ಹೆಣ್ಣುಮಗುವಿಗೆ ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡುವ ವಾಡಿಕೆ ಇತ್ತು. ಓಲೆ ತಂದುಕೊಟ್ಟಾಗ ಈ ಹುಡುಗಿ ಬೇಡ ಅಂದಳು. ಅದರ ಬದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂತ ಹಟ ಹಿಡಿದಳು. ಅಂದರೆ ಪ್ರಪಂಚದ ಎಲ್ಲಾ ವಿಷಯ ಇರುವ ದಪ್ಪ ದಪ್ಪ ಸಂಪುಟಗಳು. ಅದನ್ನೇ ಪಡೆದಳು ಕೂಡ. ಈ ವಜ್ರದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅದೇ ಸುಮಾರಿಗೆ ವೈಕಂ ಎಂಬ ಊರಿನಲ್ಲಿ ಸತ್ಯಾಗ್ರಹ ನಡೆಯುತ್ತಿತ್ತು. ಅಲ್ಲಿಯ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಕೆಳಜಾತಿ ಅನ್ನಿಸಿಕೊಂಡವರು ನಡೆಯುವಂತಿರಲಿಲ್ಲ. ದೇವಸ್ಥಾನದ ಒಳಗೆ ಅಲ್ಲ, ಬರೀ ರಸ್ತೆಯಲ್ಲಿ! 1925ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಆ ಚಳವಳಿ ಪುಟ್ಟ ಹುಡುಗಿಯ ಮನಸ್ಸಿಗೆ ನಾಟಿತು. ಮುಂದೆ ಅವರು ಖಾದಿ ಉಡಲು ತೊಡಗಿದರು. ಅಕ್ಕಂದಿರಂತೆ ಬೇಗ ಮದುವೆಯಾಗದೆ ಓದುತ್ತೇನೆ ಅಂದಾಗ ಮನೆಯಲ್ಲಿ ದೊಡ್ಡ ವಿರೋಧ ಬರಲಿಲ್ಲ. ಹಾಗಂತ ಪ್ರೋತ್ಸಾಹವೂ ಅಷ್ಟೇನೂ ಇರಲಿಲ್ಲ. 1939ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಆನರ್ಸ್ ಪಾಸಾದರು. 1940ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಬೆಂಗಳೂರಿಗೆ ಬಂದರು.

ಆಗಿನ ಬೆಂಗಳೂರನ್ನು ಸ್ವಲ್ಪ ಊಹಿಸಿಕೊಳ್ಳಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಆ ವರ್ಷದ ಕೊನೆಗೇ ವಿಮಾನ ಕಾರ್ಖಾನೆ, ಅಂದರೆ ಈಗಿನ ಎಚ್.ಎ.ಎಲ್., ಶುರುವಾಗಿದ್ದು. ಯುದ್ಧದಿಂದಾಗಿ ವಿದೇಶಕ್ಕೆ ವಾಪಸ್ ಹೋಗಲಾಗದ ಇಬ್ಬರು ಬುದ್ಧಿವಂತ ತರುಣರು ಇದೇ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಒಬ್ಬರು ಹೋಮಿ ಭಾಭಾ, ಇನ್ನೊಬ್ಬರು ವಿಕ್ರಮ್ ಸಾರಾಭಾಯಿ. ಒಬ್ಬರು ಮುಂದೆ ಅಣುಶಕ್ತಿಯ ಕೆಲಸ ಕಟ್ಟಿದರು, ಇನ್ನೊಬ್ಬರು ರಾಕೆಟ್‌ನದು. ಅನ್ನಾ ಮಣಿಗೂ ಅವರಿಗೂ ವಯಸ್ಸಿನಲ್ಲಿ ದೊಡ್ಡ ಅಂತರವಿಲ್ಲ. ಸಾರಾಭಾಯಿ ಇವರಿಗಿಂತ ಒಂದು ವರ್ಷ ಚಿಕ್ಕವರೇ.

ರಾಮನ್ ಹೆಣ್ಣುಮಕ್ಕಳನ್ನು ಸುಲಭವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. 1933ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೋನಿ) ಜೀವರಸಾಯನ ಓದಲು ಇನ್‌ಸ್ಟಿಟ್ಯೂಟಿಗೆ ಬಂದಾಗ, ಹುಡುಗಿ ಎಂಬ ಕಾರಣಕ್ಕೇ ನಿರ್ದೇಶಕರಾಗಿದ್ದ ರಾಮನ್ ಬೇಡ ಅಂದಿದ್ದರು. ಆಕೆ ಬಿಡದೆ ಪಟ್ಟು ಹಿಡಿದು, ಷರತ್ತಿನ ಮೇಲೆ ಸೇರಿಕೊಂಡು, ಓದಿ ತೋರಿಸಿದರು. ರಾಮನ್ ಅವರ ಸ್ವಂತ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಹೆಂಗಸರು ಮೂವರೇ. ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ ಮತ್ತು ಅನ್ನಾ ಮಣಿ.

ಇನ್ನು ಅವರ ದಿನಚರಿಗೆ ಬರೋಣ. ನನಗೆ ಇದೇ ಬಹಳ ಇಷ್ಟವಾದ ಭಾಗ.

ಆಗ ರಾಮನ್ ಅವರಿಗೆ ವಜ್ರದ ಗೀಳು ಹತ್ತಿತ್ತು. ಭಾರತ, ಆಫ್ರಿಕಾದ ಸುಮಾರು 300 ವಜ್ರಗಳನ್ನು ಕೂಡಿಹಾಕಿದ್ದರು. ಹೊಸದಾಗಿ ಬಂದ ಅನ್ನಾ ಮಣಿಗೆ ಕೊಟ್ಟ ಕೆಲಸ ಏನು ಗೊತ್ತೇ? ವಜ್ರ ನೋಡುವುದು! ಎಂಟನೇ ವಯಸ್ಸಿನಲ್ಲಿ ಎರಡು ವಜ್ರದ ಓಲೆ ಬೇಡ ಅಂದವರ ಮುಂದೆ ಈಗ 30ಕ್ಕೂ ಹೆಚ್ಚು ವಜ್ರಗಳು ಸಾಲಾಗಿ ಬಂದು ಕೂತವು. ಜೊತೆಗೆ ಮಾಣಿಕ್ಯದ ಹರಳುಗಳು.

ವಜ್ರದಲ್ಲಿ ನೋಡೋಕೆ ಏನಿದೆ ಅಂತ ನಾನೂ ಮೊದಲು ಅಂದುಕೊಂಡೆ. ವಜ್ರ ಬರೀ ಇಂಗಾಲ, ಇದ್ದಿಲಿನ ದಾಯಾದಿ ಅಂತ ಮೇಷ್ಟ್ರು ಪಾಠ ಮಾಡಿದ್ದಾರೆ. ಆದರೆ ಕತ್ತಲೆಯಲ್ಲಿ ಅದರ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ ಕೆಲವು ವಜ್ರ ತಾನೇ ಹೊಳೆಯುತ್ತವೆ. ಒಂದು ನೀಲಿ, ಒಂದು ಹಸಿರು, ಒಂದು ಹಳದಿ. ಇನ್ನು ಕೆಲವು ಏನು ಮಾಡಿದರೂ ಹೊಳೆಯೋದೇ ಇಲ್ಲ. ಒಂದೇ ವಸ್ತು, ಒಂದೇ ಗಣಿ, ಆದರೂ ಗುಣ ಬೇರೆ. ಯಾಕೆ? ಇದೇ ಅವರ ಪ್ರಶ್ನೆ.

ಉತ್ತರ ಹುಡುಕಬೇಕಾದರೆ ಆ ಹೊಳಪನ್ನು ಬಿಡಿಸಿ ನೋಡಬೇಕು. ನಮ್ಮ ಲ್ಯಾಬಿನಲ್ಲಿರುವ ಗಾಜಿನ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣ ಮಾಡುತ್ತೇವಲ್ಲ, ಅದೇ ತತ್ವ. ರೋಹಿತಲೇಖಿ ಎಂಬ ಉಪಕರಣದಲ್ಲಿ ಸೀಳುಗಂಡಿಯ ಮೂಲಕ ಬೆಳಕು ಹೋಗಿ, ಪಟ್ಟಕದಲ್ಲಿ ಒಡೆದು, ಫೋಟೋ ಮಸಿ ಬಳಿದ ಗಾಜಿನ ತಟ್ಟೆಯ ಮೇಲೆ ಗೆರೆಗೆರೆಯಾಗಿ ಬೀಳುತ್ತದೆ. ಆದರೆ ವಜ್ರ ಬೆಚ್ಚಗಿದ್ದರೆ ಗೆರೆಗಳು ಒಂದಕ್ಕೊಂದು ಸೇರಿ ಮಬ್ಬಾಗುತ್ತವೆ. ಆದ್ದರಿಂದ ಅದನ್ನು ದ್ರವಗಾಳಿಯಲ್ಲಿ ತಣ್ಣಗೆ ಮಾಡಬೇಕು. ಗಾಳಿಯನ್ನೇ ನೀರಿನಂತೆ ಮಾಡಿದ್ದು ಅದು. ಶೂನ್ಯಕ್ಕಿಂತ ಸುಮಾರು 190 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬೆರಳು ಅದ್ದಿದರೆ ಬೆರಳು ಹೋಯಿತು. ಅದು ಸುಮ್ಮನೆ ಬಿಟ್ಟರೂ ಕುದಿದು ಆವಿಯಾಗಿ ಹೋಗುತ್ತಾ ಇರುತ್ತೆ, ಕಾವಲು ಇರಲೇಬೇಕು.

ಇಷ್ಟೆಲ್ಲಾ ಹೂಡಿದ ಮೇಲೂ ಕೆಲವು ವಜ್ರಗಳ ಹೊಳಪು ಎಷ್ಟು ಕ್ಷೀಣ ಅಂದರೆ, ಗಾಜಿನ ತಟ್ಟೆಯ ಮೇಲೆ ಗುರುತು ಮೂಡಲು 15ರಿಂದ 20 ಗಂಟೆ ಬೇಕು! ಶಾಲೆಯ ಗ್ರೂಪ್ ಫೋಟೋ ತೆಗೆಯುವಾಗ ಅಲ್ಲಾಡಬೇಡಿ ಅಂತ ಫೋಟೋದವರು ಹೇಳಿದರೆ ನಮಗೆ ಅರ್ಧ ನಿಮಿಷ ಸುಮ್ಮನಿರಲು ಆಗೋದಿಲ್ಲ. ಇಲ್ಲಿ ಒಂದು ಫೋಟೋಗೆ ಬೆಳಿಗ್ಗೆ ಶುರು ಮಾಡಿದರೆ ಮಧ್ಯರಾತ್ರಿ. ಸಂಜೆ ಶುರು ಮಾಡಿದರೆ ಮಾರನೇ ದಿನ ಊಟದ ಹೊತ್ತು. ಅದಕ್ಕೇ ಅನ್ನಾ ಮಣಿ ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲೇ ಕಳೆದರು. ಆಮೇಲೆ ಕತ್ತಲೆಕೋಣೆಯಲ್ಲಿ ತಟ್ಟೆ ತೊಳೆದು, ಗೆರೆ ಎಲ್ಲಿ ಬಿದ್ದಿದೆ ಅಂತ ಅಳೆದು, ಬರೆದು, ಮತ್ತೆ ಮುಂದಿನ ವಜ್ರ. ಹೀರುವಿಕೆ ಬೇರೆ, ಹೊಳಪು ಬೇರೆ, ರಾಮನ್ ಪರಿಣಾಮ ಬೇರೆ. ಉಷ್ಣಾಂಶ ಬದಲಿಸಿದರೆ ಏನಾಗುತ್ತೆ ಅನ್ನೋದು ಇನ್ನೊಂದು.

ಇದೆಲ್ಲಾ ಕಷ್ಟ ಅಂತ ನಾವು ಅಂದುಕೊಳ್ಳಬಹುದು, ಅವರಿಗೆ ಅದು ಕಷ್ಟವಾಗಿರಲಿಲ್ಲ ಅಂತ ಕಾಣುತ್ತೆ. ಕಷ್ಟ ಇದ್ದದ್ದು ಬೇರೆ ಕಡೆ. ಪ್ರಯೋಗಶಾಲೆಯಲ್ಲಿ ಗಂಡುಹುಡುಗರು ಹೆಣ್ಣುಹುಡುಗಿಯರು ಬೆರೆಯಬಾರದು ಎಂಬುದು ರಾಮನ್ ಅವರ ಕಟ್ಟುನಿಟ್ಟು. ಹುಡುಗ ಹುಡುಗಿ ಮಾತಾಡಿಕೊಂಡು ಕಿಟಕಿ ಮುಂದೆ ಹೋದರೂ ಅವರಿಗೆ ಸಹನೆಯಾಗುತ್ತಿರಲಿಲ್ಲ ಅಂತ ಅನ್ನಾ ಮಣಿಯವರೇ ವಯಸ್ಸಾದ ಮೇಲೆ ನೆನಪಿಸಿಕೊಂಡಿದ್ದಾರೆ. ಹೀಗಾಗಿ ಅವರೂ ಸುನಂದಾ ಬಾಯಿಯವರೂ ಹೆಚ್ಚಾಗಿ ಒಬ್ಬೊಬ್ಬರೇ ಕೂತು ಕೆಲಸ ಮಾಡಬೇಕಾಯಿತು. ಉಳಿದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ವಾದ ಮಾಡಿ, ಒಬ್ಬರ ತಪ್ಪು ಒಬ್ಬರು ಹಿಡಿದು, ಕಾಫಿ ಕುಡಿಯುತ್ತಾ ಕಲಿಯುತ್ತಾರಲ್ಲ, ಆ ಭಾಗ್ಯ ಇವರಿಗೆ ಇರಲಿಲ್ಲ. ರಾಮನ್ ಬಹಳ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ವಿಷಯದ ಬಗ್ಗೆ ಇವರ ಜೊತೆ ಉತ್ಸಾಹದಿಂದ ಚರ್ಚೆ ಮಾಡುತ್ತಿದ್ದರು, ಕೆಲಸ ಕಲಿಸಿದರು. ಆದರೆ ಈ ಒಂದು ಪದ್ಧತಿ ಸರಿ ಅಂತ ನನಗೆ ಅನ್ನಿಸೋದಿಲ್ಲ. ಲೆಕ್ಕ ಬಿಡಿಸೋಕೆ ನಾಲ್ಕು ಜನ ಸೇರಿದರೆ ಎಷ್ಟು ಬೇಗ ಆಗುತ್ತೆ ಅಂತ ಪರೀಕ್ಷೆ ಹತ್ತಿರ ಬಂದಾಗ ನಮಗೆಲ್ಲಾ ಗೊತ್ತು.

ಹವ್ಯಾಸಗಳ ವಿಷಯ ಕೇಳಿದರೆ, ಪುಸ್ತಕ ಬಿಟ್ಟರೆ ಬೆಟ್ಟ ಹತ್ತೋದು, ಕಾಡಿನಲ್ಲಿ ತಿರುಗೋದು, ಹಕ್ಕಿ ನೋಡೋದು ಅವರಿಗೆ ಬಲು ಇಷ್ಟ. ಬೆಟ್ಟದೂರಿನಲ್ಲಿ ಹುಟ್ಟಿದವರಲ್ಲವೇ! ಈ ಚಪಲ ಕೊನೆಯವರೆಗೂ ಬಿಡಲಿಲ್ಲ. ಒಡವೆ, ರೇಷ್ಮೆ ಸೀರೆ ಇವೆಲ್ಲ ಬೇಕಿರಲಿಲ್ಲ. ಖಾದಿ ಸಾಕಿತ್ತು. ಮದುವೆಯೂ ಆಗಲಿಲ್ಲ.

1942ರಿಂದ 1945ರವರೆಗೆ ವಜ್ರ ಮತ್ತು ಮಾಣಿಕ್ಯದ ಹೊಳಪಿನ ಮೇಲೆ ಐದು ಪ್ರಬಂಧ ಪ್ರಕಟಿಸಿದರು. ಐದರಲ್ಲೂ ಅವರೊಬ್ಬರದೇ ಹೆಸರು. ವಜ್ರ ಹೊಳೆಯೋದು ಅದರ ಸ್ವಂತ ಗುಣದಿಂದಲೇ ಹೊರತು ಕಲ್ಮಶದಿಂದ ಅಲ್ಲ ಅಂತ ರಾಮನ್ ನಂಬಿದ್ದರು. 1959ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ವಜ್ರದೊಳಗೆ ನೈಟ್ರೋಜನ್ ಪರಮಾಣುಗಳು ಸೇರಿಕೊಂಡಿರುತ್ತವೆ ಅಂತ ತೋರಿಸಿದರು. ವಜ್ರದ ನೀಲಿ, ಹಸಿರು ಹೊಳಪಿಗೆ ಬಹುಪಾಲು ಅದೇ ಕಾರಣ ಅಂತ ಈಗ ತಿಳಿದಿದೆ. ನೀಲಿಯ ಮುಖ್ಯ ಗೆರೆ 415 ನ್ಯಾನೋಮೀಟರಿನಲ್ಲಿ, ಹಸಿರಿನದು 503ರಲ್ಲಿ. ರಾಮನ್ ಪ್ರಯೋಗಶಾಲೆಯವರು ಅಳೆದು ಬರೆದ ಈ ಗೆರೆಗಳು ಇವತ್ತಿನ ಪುಸ್ತಕದಲ್ಲೂ ಅಲ್ಲೇ ಇವೆ. ವಿವರಣೆ ಬದಲಾಯಿತು, ಅಳತೆ ಬದಲಾಗಲಿಲ್ಲ.

ಈಗ ಬೇಸರದ ಸಂಗತಿ. ಆ ಕಾಲದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಸ್ವಂತವಾಗಿ ಪದವಿ ಕೊಡುವ ಅಧಿಕಾರ ಇರಲಿಲ್ಲ. ವಿಶ್ವವಿದ್ಯಾನಿಲಯದ ಸ್ಥಾನ ಸಿಕ್ಕಿದ್ದು 1958ರಲ್ಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಮಹಾಪ್ರಬಂಧವನ್ನು ಬೇರೆ ವಿಶ್ವವಿದ್ಯಾನಿಲಯಕ್ಕೆ ಕಳಿಸಬೇಕಿತ್ತು. ಅನ್ನಾ ಮಣಿ 1945ರ ಆಗಸ್ಟ್‌ನಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕಳಿಸಿದರು. ಅವರು ಪಿಎಚ್.ಡಿ. ಕೊಡಲಿಲ್ಲ. ಕಾರಣ ಪ್ರಬಂಧದಲ್ಲಿ ದೋಷ ಅಂತಲ್ಲ, ಇವರು ಎಂ.ಎಸ್‌ಸಿ. ಮಾಡಿಲ್ಲ ಅಂತ! ಬಿ.ಎಸ್‌ಸಿ. ಆನರ್ಸ್ ಮೇಲೇ ಸಂಶೋಧನೆಗೆ ಸ್ಕಾಲರ್‌ಶಿಪ್ ಕೊಟ್ಟು ಕರೆಸಿದ್ದರು. ಆ ಆನರ್ಸ್ ಪದವಿ ಓದಿದ ಪ್ರೆಸಿಡೆನ್ಸಿ ಕಾಲೇಜು ಅದೇ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಐದು ವರ್ಷ ದುಡಿದ ಮೇಲೆ ಬಾಗಿಲಲ್ಲಿ ನಿಲ್ಲಿಸಿ, ನಿನ್ನ ಹತ್ತಿರ ಒಂದು ಕಾಗದ ಕಡಿಮೆ ಇದೆ ಅಂದ ಹಾಗಾಯಿತು. ನಮ್ಮೂರಿನ ಜನ ಒಂದು ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯುತ್ತಾರೆ ಅಂತ ನೋಡಿದವರಿಗೆ ಇದು ಅರ್ಥವಾಗುತ್ತೆ.

ಆಶ್ಚರ್ಯ ಅಂದರೆ ಅವರು ಇದಕ್ಕಾಗಿ ಅಳುತ್ತಾ ಕೂರಲಿಲ್ಲ, ಯಾರ ಮೇಲೂ ದ್ವೇಷ ಇಟ್ಟುಕೊಳ್ಳಲಿಲ್ಲ. ಪಿಎಚ್.ಡಿ. ಇಲ್ಲದೆ ತನ್ನ ಬಾಳಿನಲ್ಲಿ ಏನೂ ಕಮ್ಮಿ ಆಗಲಿಲ್ಲ ಎಂಬ ಅರ್ಥದಲ್ಲಿ ಮುಂದೆ ಹೇಳಿದ್ದಾರೆ. ನನಗೇನೋ ಈಗ ಓದುವಾಗಲೂ ಸಿಟ್ಟು ಬರುತ್ತೆ.

1945ರಲ್ಲೇ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ಆಸೆ ಇದ್ದದ್ದು ಭೌತಶಾಸ್ತ್ರದ ಸಂಶೋಧನೆಗೆ. ಖಾಲಿ ಇದ್ದದ್ದು ಹವಾಮಾನ ಅಳೆಯುವ ಉಪಕರಣಗಳ ತರಬೇತಿ ಮಾತ್ರ. ಸರಿ, ಅದನ್ನೇ ಕಲಿತರು. 1948ರಲ್ಲಿ ಸ್ವತಂತ್ರ ಭಾರತಕ್ಕೆ ಬಂದು ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗಕ್ಕೆ ಸೇರಿಕೊಂಡರು.

ಇಲ್ಲಿಂದ ಅವರು ಪ್ರಸಿದ್ಧರಾದ ಕಥೆ. ಇದು ಎಲ್ಲಾ ಪುಸ್ತಕದಲ್ಲೂ ಸಿಗುತ್ತೆ, ಆದ್ದರಿಂದ ಚಿಕ್ಕದಾಗಿ ಬರೀತೀನಿ. ಸ್ವಾತಂತ್ರ್ಯ ಬಂದಾಗ ಉಷ್ಣತಾಮಾಪಕ, ವಾಯುಭಾರಮಾಪಕದಂಥ ಸಾಮಾನ್ಯ ಸಾಧನವನ್ನೂ ಹೊರದೇಶದಿಂದಲೇ ತರಿಸುತ್ತಿದ್ದರು. ಅನ್ನಾ ಮಣಿ ಸುಮಾರು 100 ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಕ್ರಮಪಡಿಸಿ, ಇಲ್ಲೇ ತಯಾರು ಮಾಡಲು ಶುರು ಮಾಡಿಸಿದರು. 1953ರ ಹೊತ್ತಿಗೆ ಆ ವಿಭಾಗದ ಮುಖ್ಯಸ್ಥರಾದರು. ಕೈಕೆಳಗೆ 121 ಜನ ಗಂಡಸರು! ಹುಡುಗರ ಜೊತೆ ಕೂತು ಮಾತಾಡಬಾರದು ಅನ್ನಿಸಿಕೊಂಡು ಹತ್ತು ವರ್ಷ ಆಗಿತ್ತು ಅಷ್ಟೇ. ತಪ್ಪು ಅಳತೆ ಕೊಡುವ ಸಾಧನಕ್ಕಿಂತ ಸಾಧನ ಇಲ್ಲದಿರುವುದೇ ವಾಸಿ ಎಂಬುದು ಅವರ ನಿಲುವು. 15 ಗಂಟೆ ಕಾದು ಗೆರೆ ಅಳೆದವರು ಬೇರೆ ಏನು ಅಂದಾರು!

ನಮ್ಮ ತಾತಂದಿರು ಆರಿದ್ರಾ, ಉತ್ತರೆ ಅಂತ ಮಳೆ ನಕ್ಷತ್ರ ಎಣಿಸಿ ರಾಗಿ ಬಿತ್ತೋದು ಹೇಳುತ್ತಿದ್ದರು. ಈಗ ನಮ್ಮ ಪಂಚಾಯಿತಿಗಳಲ್ಲಿ ಮಳೆ ಅಳೆದು ಯಲಹಂಕದ ಕೇಂದ್ರಕ್ಕೆ ತಾನೇ ಸುದ್ದಿ ಕಳಿಸುವ ಯಂತ್ರಗಳಿವೆ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಮಂಜು ಅಳೆಯುತ್ತಾರೆ. ಇವನ್ನೆಲ್ಲಾ ಅನ್ನಾ ಮಣಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಇಂಥ ಸಾಧನಗಳನ್ನು ನಮ್ಮ ದೇಶದಲ್ಲೇ ಮಾಡಬಹುದು, ಅದೂ ಕರಾರುವಾಕ್ಕಾಗಿ ಮಾಡಬಹುದು ಅಂತ ಮೊದಲು ತೋರಿಸಿದವರಲ್ಲಿ ಅವರೊಬ್ಬರು.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದ ನಾನಾ ಕಡೆ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳನ್ನು ಹಾಕಿಸಿದರು. ಆಮೇಲೆ ಬಲೂನಿನಲ್ಲಿ ಮೇಲೆ ಕಳಿಸಿ ಓಜೋನ್ ಅಳೆಯುವ ಸಾಧನ ರೂಪಿಸಿದರು. ಓಜೋನ್ ಪದರದ ಸುದ್ದಿ ಪತ್ರಿಕೆಗಳಲ್ಲಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ಇದು. 1963ರಲ್ಲಿ ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿತಲ್ಲ, ಅಲ್ಲಿ ಹವಾಮಾನ ವೀಕ್ಷಣಾಲಯ ಮತ್ತು ಉಪಕರಣ ಗೋಪುರ ಕಟ್ಟಿಕೊಡಿ ಅಂತ ಇವರನ್ನು ಕೇಳಿದವರು ವಿಕ್ರಮ್ ಸಾರಾಭಾಯಿ. ಟಾಟಾ ಇನ್‌ಸ್ಟಿಟ್ಯೂಟಿನ ಹಳೆಯ ಪರಿಚಯ!

1976ರಲ್ಲಿ ಹವಾಮಾನ ಇಲಾಖೆಯ ಉಪಮಹಾನಿರ್ದೇಶಕರಾಗಿ ನಿವೃತ್ತರಾದರು. ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋದರು? ಮತ್ತೆ ಬೆಂಗಳೂರಿಗೆ! ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದು ಮೂರು ವರ್ಷ ಇದ್ದರು. ರಾಮನ್ 1970ರಲ್ಲೇ ತೀರಿಕೊಂಡಿದ್ದರು. ಅವರ ಮಗ ವಿ. ರಾಧಾಕೃಷ್ಣನ್ ಆಗ ಅಲ್ಲಿ ನಿರ್ದೇಶಕರು. ಪದವಿ ಸಿಗದ ಆ ಮಹಾಪ್ರಬಂಧ ಇರುವುದು ಈ ಸಂಸ್ಥೆಯ ಗ್ರಂಥಾಲಯದಲ್ಲೇ. ಪದವಿ ಸಿಕ್ಕ ಬೇರೆ ಪ್ರಬಂಧಗಳ ಜೊತೆಗೆ ಅದೂ ಬೈಂಡ್ ಆಗಿ ಕಪಾಟಿನಲ್ಲಿದೆ. ಹೊರಗಿನಿಂದ ನೋಡಿದರೆ ಯಾವುದಕ್ಕೆ ಪದವಿ ಸಿಕ್ಕಿತು, ಯಾವುದಕ್ಕೆ ಇಲ್ಲ ಅಂತ ಗೊತ್ತಾಗೋದಿಲ್ಲ.

ಭಾರತದ ಸೌರ ವಿಕಿರಣದ ಮೇಲೆ 1980ರಲ್ಲಿ ಒಂದು, 1981ರಲ್ಲಿ ಇನ್ನೊಂದು ದೊಡ್ಡ ಪುಸ್ತಕ ಹೊರತಂದರು. ಯಾವ ಊರಲ್ಲಿ ಯಾವ ತಿಂಗಳು ಎಷ್ಟು ಬಿಸಿಲು ಬೀಳುತ್ತೆ ಎಂಬ ಲೆಕ್ಕ ಅದರಲ್ಲಿದೆ. ಆಮೇಲೆ ಗಾಳಿಯ ಸರದಿ. ದೇಶದಲ್ಲಿ 700ಕ್ಕೂ ಹೆಚ್ಚು ಜಾಗಗಳಲ್ಲಿ ಗಾಳಿಯ ವೇಗ ಅಳೆಯುವ ಸಮೀಕ್ಷೆ ನಡೆಸಿದರು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಹೋದವರು ಗಾಳಿಯಂತ್ರಗಳನ್ನು ನೋಡಿರಬಹುದು. ಅಂಥ ಯಂತ್ರ ನಿಲ್ಲಿಸುವ ಮುಂಚೆ ಅಲ್ಲಿ ವರ್ಷಪೂರ್ತಿ ಗಾಳಿ ಎಷ್ಟು ಬೀಸುತ್ತೆ ಅಂತ ತಿಳಿಯಬೇಕು, ಇಲ್ಲದಿದ್ದರೆ ದುಡ್ಡು ಗಾಳಿಗೆ ಹೋಯಿತು ಅಷ್ಟೇ. ಬಿಸಿಲು ಮತ್ತು ಗಾಳಿ ಅಳೆಯುವ ಸಾಧನ ಮಾಡಲು ಬೆಂಗಳೂರಿನಲ್ಲೇ ಒಂದು ಸಣ್ಣ ಕಾರ್ಖಾನೆ ಕೂಡ ನಡೆಸಿದರು. ನಿವೃತ್ತಿಯಾದವರು ಹೀಗೆ!

1987ರಲ್ಲಿ ಕೆ.ಆರ್. ರಾಮನಾಥನ್ ಪದಕ ಬಂತು. 1994ರಲ್ಲಿ ಪಾರ್ಶ್ವವಾಯು ಹೊಡೆದು ಓಡಾಟ ನಿಂತುಹೋಯಿತು. ಬೆಟ್ಟ ಹತ್ತುವ ಜೀವಕ್ಕೆ ಅದು ಎಷ್ಟು ಕಷ್ಟವಾಗಿರಬೇಕು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಇನ್ನೊಂದು ವಾರ ಕಳೆದಿದ್ದರೆ 83 ವರ್ಷ ತುಂಬುತ್ತಿತ್ತು.